ಐರ್ಲೆಂಡಿನ ಸಂತ ವಿನ್ಸೆಂಟ್ ದ ಪಾಲ್ ಸಂಘವೂ ಅದರ ದೀನಸೇವೆಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ದಾನವು ಶ್ರೇಷ್ಠವಾದ ಧರ್ಮವೆಂಬ ವಿಷಯದಲ್ಲಿ ಲೋಕದ ಯಾವ ಮತಕ್ಕೂ ಭಿನ್ನಾಭಿಪ್ರಾಯವಿಲ್ಲ. ಆದರೆ ದಾನವನ್ನು ಹೇಗೆ ಮಾಡಬೇಕು, ಕೊಡುವವನ ಕೈಯಿಂದ ಹೊರಟ ವಸ್ತುವು ಕೊಳ್ಳುವವನ ಮಾನಕ್ಕೆ ಕುಂದು ಬಾರದಂತೆ ಅವನನ್ನು ಮುಟ್ಟುವ ಬಗೆ ಯಾವುದು, ಎಂಬ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಹಸಿದವನಿಗೆ ಅನ್ನವಿಕ್ಕಿ ಅವನು ತಲೆ ತಗ್ಗಿಸುವಂತೆ ಮಾಡಿದರೆ ಅನ್ನವು ಒಡಲನ್ನು ಸೇರುವುದು, ಅವಮಾನವು ಮನಸ್ಸಿನಲ್ಲಿ ಉಳಿಯುವುದು. ಐರ್ಲೆಂಡ್ ದೇಶದ ಒಂದು ಕ್ಯಾಥೊಲಿಕ ಸಂಘವು ನೂರೆಂಬತ್ತು ವರ್ಷಗಳಿಗೂ ಮೇಲ್ಪಟ್ಟು ತನ್ನ ನಡೆಯಿಂದಲೇ ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಬಂದಿದೆ. ಆ ಸಂಘದ ಹುಟ್ಟು, ಅದರ ಕಾರ್ಯಕ್ರಮ, ಅದು ಎಡವಿದ ಎಡೆಗಳು, ಅದರ ಇಂದಿನ ಸ್ಥಿತಿ, ಇವುಗಳನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಉಪನ್ಯಾಸದ ಉದ್ದೇಶವು.

ಸಂಘಕ್ಕೆ ಹೆಸರು ಕೊಟ್ಟ ವಿನ್ಸೆಂಟ್ ದ ಪಾಲರು ಫ್ರಾನ್ಸ್ ದೇಶದ ಒಕ್ಕಲು ಮನೆತನದಲ್ಲಿ 1581ರಲ್ಲಿ ಹುಟ್ಟಿದವರು. ಪಾದ್ರಿಗಳಾಗಿ, ಬಡವರ ಸೇವೆಯಲ್ಲಿಯೇ ಆಯುಷ್ಯವನ್ನು ಸವೆಸಿ, 1660ರಲ್ಲಿ ದೈವಾಧೀನರಾದರು. ಇವರು 1617ರಲ್ಲಿ ಶಾತಿಯೊಂ ಎಂಬ ಸಣ್ಣ ಊರಿನ ಗುಡಿಯಲ್ಲಿ ಪಾದ್ರಿಗಳಾಗಿದ್ದರು. ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿರುವಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆಯಿಂದ ಮಲಗಿದ್ದಾರೆ, ನೀರು ಕೊಡುವುದಕ್ಕೂ ಒಬ್ಬರಿಲ್ಲ, ಎಂಬ ಸುದ್ದಿಯು ಬಂದಿತು. ವಿನ್ಸೆಂಟರು ಆ ದಿನದ ಉಪದೇಶದಲ್ಲಿ ಈ ಸಂಗತಿಯನ್ನೇ ತಿಳಿಸಿದರು. ಜನರ ಮನಸ್ಸು ಕರಗಿತು. ಮಧ್ಯಾಹ್ನದ ಹೊತ್ತಿಗೆ ತಾವೂ ಆ ಮನೆಗೆ ಹೊರಟಾಗ ದಾರಿಯಲ್ಲಿ ಅವರು ಕಂಡದ್ದು ಜಾತ್ರೆಯಂಥ ಜನಸಂದಣಿ. ರೊಟ್ಟಿ, ಮಾಂಸ, ಔಷಧಗಳನ್ನು ಹೊತ್ತು ಹೋಗುವವರು ಕೆಲವರು, ಕೊಟ್ಟು ಮರಳುವವರು ಕೆಲವರು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ತೃಪ್ತರಾಗುತ್ತಿದ್ದರು. ವಿನ್ಸೆಂಟರಾದರೋ ಬೇರೆ ಲೆಕ್ಕವನ್ನು ಹಾಕಿದರು. ಇಂದು ಆ ಮನೆಗೆ ಬಂದ ಆಹಾರವು ಒಂದು ದಿನಕ್ಕೆ ಮಿತಿಮೀರಿದುದು, ಅರ್ಧವು ಕೆಟ್ಟುಹೋಗುವುದು. ನಾಳೆ ನಾಡಿದ್ದು ಜನರ ಉತ್ಸಾಹವು ಇಳಿದ ಮೇಲೆ ಅದೇ ಮನೆಯಲ್ಲಿ ಮೊದಲಿನ ಹಸಿವೆಯೇ ಇರುವುದು. ದಯೆಯು ಬೇಕಾದಷ್ಟಿದೆ, ಕ್ರಮವು ಇಲ್ಲ, ಎಂದು ಕಂಡುಕೊಂಡು ಆ ಊರಿನ ಕೆಲವರು ಹೆಣ್ಣುಮಕ್ಕಳನ್ನು ಕೂಡಿಸಿ, ದಿನಕ್ಕೊಬ್ಬರಂತೆ ಸರದಿಯ ಮೇಲೆ ರೋಗಿಗಳ ಮನೆಗೆ ಹೋಗಿ ಉಪಚರಿಸುವ ನಿಯಮವನ್ನು ಬರೆದು ಕೊಟ್ಟರು. ಕ್ಯಾಥೊಲಿಕ ಸಮಾಜದಲ್ಲಿ ಕ್ರಮಬದ್ಧವಾದ ದೀನಸೇವೆಗೆ ದಾರಿಮಾಡಿದ ಮುಖ್ಯ ಪ್ರಯತ್ನಗಳಲ್ಲಿ ಇದು ಒಂದು. ಮುಂದೆ 1633ರಲ್ಲಿ ಲೂಯಿಸ್ ದ ಮರಿಯಾಕ್ ಎಂಬ ಸಾಧ್ವಿಯ ಸಹಾಯದಿಂದ ದಯೆಯ ಸೋದರಿಯರ ಸಂಸ್ಥೆಯು ಸ್ಥಾಪಿತವಾಯಿತು. ಮಠದ ಗೋಡೆಗಳೊಳಗೆ ನಿಲ್ಲದೆ ಬೀದಿಬೀದಿಗಳಲ್ಲಿ ತಿರುಗಿ ರೋಗಿಗಳನ್ನೂ ಅನಾಥರನ್ನೂ ನೋಡಿಕೊಳ್ಳುವುದು ಆ ಸೋದರಿಯರ ವ್ರತವು.

ಇದಾದ ಇನ್ನೂರು ವರ್ಷಗಳ ಮೇಲೆ ಪ್ಯಾರಿಸ್ ಪಟ್ಟಣಕ್ಕೆ ಫ್ರೆಡರಿಕ್ ಓಜನಾಂ ಎಂಬ ತರುಣನು ನ್ಯಾಯಶಾಸ್ತ್ರವನ್ನು ಕಲಿಯಲು 1831ರಲ್ಲಿ ಬಂದನು. ಇವನು ವೈದ್ಯನೊಬ್ಬನ ಮಗ. 1813ರಲ್ಲಿ ಮಿಲಾನಿನಲ್ಲಿ ಹುಟ್ಟಿ ಲಿಯೋನಿನಲ್ಲಿ ಬೆಳೆದವನು. ಪ್ಯಾರಿಸಿನಲ್ಲಿ ಆಗ ಕೂಲಿಕಾರರ ಸ್ಥಿತಿಯು ಅತ್ಯಂತ ಶೋಚನೀಯವಾಗಿದ್ದಿತು. 1832ರ ಕಾಲರಾ ಬೇನೆಯಿಂದ ಆ ಒಂದು ಪಟ್ಟಣದಲ್ಲಿಯೇ ಹದಿನೆಂಟು ಸಾವಿರಕ್ಕೆ ಮೇಲ್ಪಟ್ಟ ಜನರು ಸತ್ತರು. ಓಜನಾಮನೂ ಅವನ ಗೆಳೆಯರೂ ಒಂದು ಚರ್ಚಾಕೂಟದಲ್ಲಿ ಸೇರಿ ಇತಿಹಾಸ ತತ್ತ್ವಜ್ಞಾನಗಳನ್ನು ಕುರಿತು ವಾದಿಸುತ್ತಿದ್ದರು. ಒಂದು ಸಲ ಪ್ರತಿಪಕ್ಷದವನೊಬ್ಬನು, ನಿಮ್ಮ ಧರ್ಮವು ಹಿಂದೆ ದೊಡ್ಡ ಕಾರ್ಯಗಳನ್ನು ಮಾಡಿದ್ದೀತು, ಇಂದು ಬಡವರಿಗಾಗಿ ನೀವು ಮಾಡುತ್ತಿರುವುದೇನು, ಎಂದು ಕೇಳಿದನು. ಆ ಮಾತಿಗೆ ವಾದದಿಂದ ಉತ್ತರ ಕೊಡಲು ಬರುವಂತಿರಲಿಲ್ಲ.

ಅದರ ಫಲವಾಗಿ 1833ನೆಯ ಇಸವಿ ಏಪ್ರಿಲ್ 23ನೆಯ ದಿನ, ಓಜನಾಮನಿಗೆ ಇಪ್ಪತ್ತು ವರ್ಷ ತುಂಬಿದ ದಿನವೇ, ಆರು ಮಂದಿ ವಿದ್ಯಾರ್ಥಿಗಳು ಎಮ್ಯಾನ್ಯುಯೆಲ್ ಬೇಯಿ ಎಂಬ ಹಿರಿಯ ಪತ್ರಿಕಾಕಾರನ ಕಚೇರಿಯಲ್ಲಿ ಕೂಡಿದರು. ಹಣವಿಲ್ಲ, ಅನುಭವವಿಲ್ಲ, ಬಡವರ ಪರಿಚಯವೂ ಇಲ್ಲ. ಪಟ್ಟಣದ ಅತಿ ದರಿದ್ರವಾದ ಮುಫ್ತಾರ್ ಕೇರಿಯಲ್ಲಿ ಹಲವು ವರ್ಷಗಳಿಂದ ಸೇವೆಮಾಡುತ್ತಿದ್ದ ರೊಜಾಲಿ ರೆಂಡು ಎಂಬ ದಯೆಯ ಸೋದರಿಯೇ ಇವರಿಗೆ ಗುರುವಾದಳು. ಯಾವ ಯಾವ ಮನೆಗಳಿಗೆ ಹೋಗಬೇಕೆಂಬುದನ್ನು ಅವಳೇ ತಿಳಿಸಿದಳು. ಆರಂಭದಲ್ಲಿ ಹಂಚುವುದಕ್ಕೆ ರೊಟ್ಟಿಯ ಚೀಟಿಗಳನ್ನೂ ಒದಗಿಸಿದಳು. ಬಡವರೊಡನೆ ತಾಳ್ಮೆಯಿಂದ ಮಾತನಾಡುವ ರೀತಿಯನ್ನು ಕಲಿಸಿದಳು. ಮೊದಲ ದಿನ ಓಜನಾಮನು ತನ್ನ ಕೋಣೆಯ ಸೌದೆಯನ್ನೇ ಹೊತ್ತುಕೊಂಡು ಹೋಗಿ ಒಂದು ಬಡಮನೆಗೆ ಕೊಟ್ಟನೆಂದು ಹೇಳುವರು. ಸಂತ ವಿನ್ಸೆಂಟರ ಹೆಸರನ್ನು ಈ ಕೂಟವು ಧರಿಸಿತು. ಓಜನಾಮನು ಮುಂದೆ ಸೊರ್ಬೊನ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕನಾಗಿ, ಇಟಲಿಯ ಮಹಾಕವಿ ದಾಂತೆಯ ವಿಷಯದಲ್ಲಿ ಪಾಂಡಿತ್ಯಕ್ಕೆ ಹೆಸರಾಗಿ, 1853ರಲ್ಲಿ ನಲವತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆದರೆ ಕೊನೆಯವರೆಗೂ ಬಡವರ ಮನೆಗಳ ಮೆಟ್ಟಿಲು ಹತ್ತುವುದನ್ನು ಅವನು ಬಿಡಲಿಲ್ಲ. 1997ರಲ್ಲಿ ಕ್ಯಾಥೊಲಿಕ ಧರ್ಮಸಭೆಯು ಇವನನ್ನು ಧನ್ಯನೆಂದು ಸಾರಿತು.

ಈ ಸಂಘದ ಕಾರ್ಯಪದ್ಧತಿಯು ಬಹು ಸರಳವಾದುದು. ಒಂದೊಂದು ಊರಿನಲ್ಲಿ ಅಥವಾ ಕೇರಿಯಲ್ಲಿ ಕೆಲವರು ಗೃಹಸ್ಥರು ಸೇರಿ ಒಂದು ಕೂಟವನ್ನು ಕಟ್ಟುವರು. ಇವರಿಗೆ ಸಂಬಳವಿಲ್ಲ; ಸನ್ಯಾಸದ ನಿಯಮವೂ ಇಲ್ಲ. ತಮ್ಮ ತಮ್ಮ ಉದ್ಯೋಗಗಳನ್ನು ಮುಗಿಸಿಕೊಂಡು ವಾರಕ್ಕೊಮ್ಮೆಯೋ ಹದಿನೈದು ದಿನಗಳಿಗೊಮ್ಮೆಯೋ ಕೂಡಿ, ಪ್ರಾರ್ಥನೆ ಮಾಡಿ, ಯಾರ ಯಾರ ಮನೆಯಲ್ಲಿ ಯಾವ ಕಷ್ಟವಿದೆಯೆಂದು ವಿಚಾರಿಸುವರು. ತರುವಾಯ ಇಬ್ಬಿಬ್ಬರಾಗಿ ಆ ಮನೆಗಳಿಗೆ ಹೋಗುವರು. ಒಬ್ಬನೇ ಹೋದರೆ ಅವನ ಒಲವು ಹಗೆಗಳಿಗೆ ಅವಕಾಶವುಂಟು. ಗುಂಪಾಗಿ ಹೋದರೆ ನೆರೆಹೊರೆಯವರ ಕಣ್ಣಿಗೆ ಬೀಳುವುದು. ಇಬ್ಬರಾದರೆ ನೆಂಟರು ಬಂದಂತೆ ಕಾಣುವುದು. ಅಲ್ಲಿ ಕೇಳಿದುದನ್ನು ಕೂಟದ ಹೊರಗೆ ಎಲ್ಲಿಯೂ ಆಡತಕ್ಕುದಲ್ಲ.

ಸಭೆಯ ಕೊನೆಗೆ ಒಂದು ಚೀಲವನ್ನು ಕೈಯಿಂದ ಕೈಗೆ ದಾಟಿಸುವರು. ಪ್ರತಿಯೊಬ್ಬನೂ ಮುಚ್ಚಿದ ಮುಷ್ಟಿಯನ್ನು ಅದರೊಳಗಿಟ್ಟು ತನಗೆ ಸಾಧ್ಯವಾದಷ್ಟನ್ನು ಹಾಕುವನು. ಯಾರು ಎಷ್ಟು ಹಾಕಿದರೆಂಬುದು ಪಕ್ಕದವನಿಗೂ ತಿಳಿಯದು. ಏನನ್ನೂ ಹಾಕಲಾರದ ಬಡ ಸದಸ್ಯನ ಕೈಯೂ ಇತರರ ಕೈಯಂತೆಯೇ ಚೀಲದೊಳಗೆ ಹೋಗಿ ಬರುವುದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಕೇಳದವರಿಲ್ಲ. ಇಲ್ಲಿ ಅದು ಪ್ರತಿಯೊಂದು ಸಭೆಯಲ್ಲಿಯೂ ಆಚರಣೆಗೆ ಬರುತ್ತದೆ.

ಐರ್ಲೆಂಡಿಗೆ ಈ ಸಂಘವು ಕಾಲಿಟ್ಟುದು 1844ರ ಡಿಸೆಂಬರಿನಲ್ಲಿ. ರಾಜಧಾನಿಯಾದ ಡಬ್ಲಿನ್ ನಗರದಲ್ಲಿ, ಫೋರ್ ಕೋರ್ಟ್ಸ್ ಎಂಬ ದೊಡ್ಡ ನ್ಯಾಯಾಲಯದ ಹಿಂಭಾಗದ ಒಂದು ಕಟ್ಟಡದಲ್ಲಿ ಮೊದಲನೆಯ ಕೂಟವು ಸೇರಿತು. ಮರುವರ್ಷದಲ್ಲಿಯೇ ಆ ದೇಶಕ್ಕೆ ಘೋರವಾದ ವಿಪತ್ತು ಒದಗಿತು. ಅಲ್ಲಿನ ಬಡ ಒಕ್ಕಲಿಗರಿಗೆ ಆಲೂಗಡ್ಡೆಯೇ ಆಹಾರವಾಗಿದ್ದಿತು. 1845ರ ಶರತ್ಕಾಲದಲ್ಲಿ ಆ ಬೆಳೆಗೆ ಒಂದು ರೋಗವು ತಗಲಿ ಹೊಲಗಳಲ್ಲಿಯೇ ಗಡ್ಡೆಗಳು ಕೊಳೆತುಹೋದವು. ಮರುವರ್ಷವೂ ಹಾಗೆಯೇ ಆಯಿತು. ಕ್ಷಾಮದಿಂದಲೂ ಅದರ ಬೆನ್ನಹಿಂದೆ ಬಂದ ಜ್ವರಗಳಿಂದಲೂ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಅದಕ್ಕಿಂತ ಹೆಚ್ಚು ಜನರು ಹಡಗು ಹತ್ತಿ ಪರದೇಶಗಳಿಗೆ ಹೋದರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆಯು 1851ರ ಎಣಿಕೆಯಲ್ಲಿ 65 ಲಕ್ಷಕ್ಕೆ ಇಳಿದಿದ್ದಿತು.

ಇಂತಹ ಕಾಲದಲ್ಲಿ ಸರಕಾರವು ಕೊಡುತ್ತಿದ್ದ ನೆರವಿನ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸತಕ್ಕುದು ಅವಶ್ಯಕವು. 1838ರ ದರಿದ್ರಪೋಷಣೆಯ ಕಾಯಿದೆಯ ಪ್ರಕಾರ ಐರ್ಲೆಂಡನ್ನು 130 ವಿಭಾಗಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ವರ್ಕ್‌ಹೌಸ್ ಎಂಬ ದುಡಿಮೆಯ ಮನೆಯನ್ನು ಕಟ್ಟಿದ್ದರು. ಅನ್ನ ಬೇಕಾದವನು ತನ್ನ ಮನೆಯನ್ನು ಬಿಟ್ಟು ಕುಟುಂಬ ಸಹಿತವಾಗಿ ಅಲ್ಲಿಗೆ ಹೋಗಿ ಸೇರಬೇಕು. ಬಾಗಿಲೊಳಗೆ ಕಾಲಿಟ್ಟೊಡನೆ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ, ಹುಡುಗರನ್ನೂ ಹುಡುಗಿಯರನ್ನೂ ಬೇರೆ ಬೇರೆ ಕಡೆ ಇಡುತ್ತಿದ್ದರು. ಸ್ವಂತ ಬಟ್ಟೆಯನ್ನು ತೆಗೆದಿಟ್ಟು ಅಲ್ಲಿನ ಸಮವಸ್ತ್ರವನ್ನು ತೊಡಬೇಕು. ಸುಲಭವಾಗಿ ಅನ್ನ ದೊರೆತರೆ ಜನರು ಸೋಮಾರಿಗಳಾಗುವರೆಂಬ ಭಯದಿಂದ, ಒಳಗಿನ ಬಾಳು ಹೊರಗಿನ ಬಡತನಕ್ಕಿಂತಲೂ ಕಠಿಣವಾಗಿರಬೇಕೆಂಬುದೇ ಆ ಕಾಯಿದೆಯ ತತ್ತ್ವವಾಗಿದ್ದಿತು. 1847ರಲ್ಲಿ ಮತ್ತೊಂದು ನಿಬಂಧನೆಯು ಸೇರಿತು. ಕಾಲು ಎಕರೆಗಿಂತ ಹೆಚ್ಚು ಭೂಮಿಯಿದ್ದವನು ಆ ಭೂಮಿಯನ್ನು ಬಿಟ್ಟುಕೊಟ್ಟ ಹೊರತು ಅವನಿಗೆ ನೆರವು ದೊರೆಯದು. ಇಂದಿನ ಗಂಜಿಗಾಗಿ ನಾಳಿನ ಜೀವನವನ್ನೇ ಒತ್ತೆಯಿಡಬೇಕಾದ ಸ್ಥಿತಿಯು ಎಷ್ಟೋ ಸಾವಿರ ಒಕ್ಕಲಿಗರಿಗೆ ಬಂದೊದಗಿತು.

ಖಾಸಗಿ ದಾನಗಳಲ್ಲಿಯೂ ಎರಡು ಬಗೆಗಳಿದ್ದವು. ಕ್ವೇಕರರೆಂಬ ಕ್ರೈಸ್ತ ಪಂಗಡದವರು ಯಾವ ಷರತ್ತನ್ನೂ ಹಾಕದೆ ಗಂಜಿಯನ್ನೂ ಬೀಜವನ್ನೂ ಹಂಚಿ ಎಲ್ಲರ ಕೃತಜ್ಞತೆಗೆ ಪಾತ್ರರಾದರು. ಕೆಲವು ಕಡೆಗಳಲ್ಲಿಯಾದರೋ ತಮ್ಮ ಮತದ ಪಾಠಕ್ಕೆ ಬಂದವರಿಗೆ ಮಾತ್ರ ಗಂಜಿ ಎಂಬ ಕಟ್ಟಳೆಯನ್ನು ಮಾಡಿದವರೂ ಇದ್ದರು. ಹೊಟ್ಟೆಗಾಗಿ ಮತವನ್ನು ಬಿಟ್ಟವನಿಗೆ ಗಂಜಿಯ ಹೆಸರಿನಿಂದಲೇ ಹುಟ್ಟಿದ ಒಂದು ನಿಂದೆಯ ಮಾತು ಐರ್ಲೆಂಡಿನ ಆಡುನುಡಿಯಲ್ಲಿ ತಲೆತಲಾಂತರಗಳವರೆಗೆ ಉಳಿಯಿತು. ಕ್ಷಾಮವು ಹೋದ ಮೇಲೆಯೂ ದಾನದ ಗಾಯವು ಹೇಗೆ ಮಾಯದೆ ಇರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ವಿನ್ಸೆಂಟ್ ಸಂಘದವರ ಕೆಲಸವನ್ನು ನೋಡತಕ್ಕುದು. ಅವರ ಬಲವು ಅಲ್ಪವಾದುದು; ಅವರ ಕೂಟಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿದ್ದವು. 1846ರಲ್ಲಿ ಕಾರ್ಕ್ ಪಟ್ಟಣದಲ್ಲಿಯೂ, ಬಳಿಕ ಇತರ ಊರುಗಳಲ್ಲಿಯೂ ಕೂಟಗಳು ಹುಟ್ಟಿದವು. ಪ್ಯಾರಿಸಿನ ಮುಖ್ಯ ಸಮಿತಿಯು ಬೇರೆ ಬೇರೆ ದೇಶಗಳ ಕೂಟಗಳಿಂದ ಹಣವನ್ನು ಕೂಡಿಸಿ ಐರ್ಲೆಂಡಿಗೆ ಕಳುಹಿತು. ಅಂತಹ ಮಹಾಕ್ಷಾಮವನ್ನು ಇಷ್ಟರಿಂದ ತಡೆಯಲು ಸಾಧ್ಯವಿರಲಿಲ್ಲ. ತಡೆದೆವೆಂದು ಸಂಘದವರು ಹೇಳಿಕೊಂಡುದೂ ಇಲ್ಲ. ಆದರೆ ಅವರು ಮುಟ್ಟಿದ ಕುಟುಂಬಗಳ ಮಟ್ಟಿಗೆ ವ್ಯತ್ಯಾಸವು ದೊಡ್ಡದು. ನೆರವಿಗಾಗಿ ಆ ಕುಟುಂಬವು ತನ್ನ ಹೊಸ್ತಿಲನ್ನು ಬಿಟ್ಟು ಹೋಗಬೇಕಾಗಲಿಲ್ಲ. ತಾಯಿ ಮಕ್ಕಳು ಅಗಲಬೇಕಾಗಲಿಲ್ಲ. ಕೊಡುವವನೇ ಮೆಟ್ಟಿಲು ಹತ್ತಿ ಬಂದು, ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳುತ್ತಿದ್ದನು. ಆ ಮನೆಯ ಯಜಮಾನನು ಹಸಿದಿದ್ದರೂ ಆ ಗಳಿಗೆಯಲ್ಲಿ ಯಜಮಾನನಾಗಿಯೇ ಉಳಿಯುತ್ತಿದ್ದನು.

ಕ್ಷಾಮದ ಬಳಿಕ ಹಳ್ಳಿಗಳಿಂದ ಪಟ್ಟಣಗಳಿಗೆ ಬಂದ ಬಡವರಿಂದ ಡಬ್ಲಿನ್ ನಗರದ ಹಳೆಯ ದೊಡ್ಡ ಮನೆಗಳು ತುಂಬಿದವು. ಒಂದು ಕಾಲದಲ್ಲಿ ಶ್ರೀಮಂತರು ವಾಸವಾಗಿದ್ದ ಭವನಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರವು ಬಾಳತೊಡಗಿತು. 1913ರ ಸೆಪ್ಟೆಂಬರಿನಲ್ಲಿ ಚರ್ಚ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಇಂತಹ ಮನೆಗಳು ಕುಸಿದುಬಿದ್ದು ಏಳು ಮಂದಿ ಸತ್ತ ಮೇಲೆ ಸರಕಾರವು ವಿಚಾರಣೆಯನ್ನು ನಡೆಯಿಸಿತು. ಸುಮಾರು 20,000 ಕುಟುಂಬಗಳು ಒಂದೇ ಕೋಣೆಯ ವಾಸದಲ್ಲಿವೆಯೆಂದು 1914ರಲ್ಲಿ ಅದು ವರದಿ ಮಾಡಿತು. ಆ ಕತ್ತಲೆಯ ಮೆಟ್ಟಿಲುಗಳನ್ನು ವಾರವಾರವೂ ಹತ್ತುತ್ತಿದ್ದ ವಿನ್ಸೆಂಟ್ ಸಂಘದವರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಅದೇ ಕಾಲದಲ್ಲಿ ಸಂಘವನ್ನು ಸೇರಿದ ಸರಕಾರಿ ನೌಕರನಾದ ಫ್ರ್ಯಾಂಕ್ ಡಫ್ ಎಂಬ ತರುಣನು, ಡಬ್ಲಿನಿನಲ್ಲಿ ಸಂಘಕ್ಕೆ ಸೇರಿದ ಮೈರಾ ಹೌಸ್ ಎಂಬ ಮನೆಯಲ್ಲಿ 1921ರ ಸೆಪ್ಟೆಂಬರ್ 7ರಂದು ಕೆಲವರು ಹೆಣ್ಣುಮಕ್ಕಳನ್ನು ಕೂಡಿಸಿ ಲೀಜನ್ ಆಫ್ ಮೇರಿ ಎಂಬ ಬೇರೊಂದು ಸೇವಾಸಂಸ್ಥೆಯನ್ನು ಆರಂಭಿಸಿದನು. ಅದು ಕಾಲಾಂತರದಲ್ಲಿ ಲೋಕದ ಹಲವು ದೇಶಗಳಿಗೆ ಹಬ್ಬಿತು.

ಹೆಣ್ಣುಮಕ್ಕಳಿಗಾಗಿ ಬೇರೆ ಸಂಸ್ಥೆಯೇಕೆ ಬೇಕಾಯಿತೆಂದು ಕೇಳಿದರೆ, ಅಲ್ಲಿ ವಿನ್ಸೆಂಟ್ ಸಂಘದ ಒಂದು ದೊಡ್ಡ ಕುಂದು ಕಣ್ಣಿಗೆ ಬೀಳುವುದು. ರೊಜಾಲಿ ಸೋದರಿಯ ಕೈಹಿಡಿದು ನಡೆಯಲು ಕಲಿತ ಸಂಘವು ನೂರು ವರ್ಷಗಳಿಗೂ ಮೇಲ್ಪಟ್ಟು ಪುರುಷರ ಸಂಘವಾಗಿಯೇ ಇದ್ದಿತು. ಸ್ತ್ರೀಯರಿಗೆ ಸಮಾನವಾದ ಸದಸ್ಯತ್ವವು ದೊರೆತುದು 1960ರ ದಶಕದಲ್ಲಿ. ವಿನ್ಸೆಂಟರು ಶಾತಿಯೊಂ ಊರಿನಲ್ಲಿ ಮೊದಲು ಕೂಡಿಸಿದವರು ಹೆಣ್ಣುಮಕ್ಕಳೇ ಎಂಬುದನ್ನು ನೆನೆದರೆ ಈ ವಿಳಂಬವು ಆಶ್ಚರ್ಯವನ್ನುಂಟುಮಾಡುತ್ತದೆ.

ಮತ್ತೊಂದು ಅಪಾಯವು ಮನೆಭೇಟಿಯ ಪದ್ಧತಿಯಲ್ಲಿಯೇ ಅಡಗಿದೆ. ಬಡವನ ಮನೆಯೊಳಗೆ ಹೋದವನು ಅತಿಥಿಯಾಗಿ ಹೋಗಬಹುದು. ತನಿಖೆಯ ಅಧಿಕಾರಿಯಾಗಿಯೂ ಹೋಗಬಹುದು. ಒಲೆಯ ಮೇಲೇನಿದೆ, ಮಕ್ಕಳು ಶಾಲೆಗೆ ಹೋಗುವರೋ, ಮನೆಯವರು ಗುಡಿಗೆ ಬರುವರೋ, ಗಂಡನು ಕುಡಿಯುವನೋ ಎಂದು ಕಣ್ಣಾಡಿಸಿ, ಇವರು ಯೋಗ್ಯ ಬಡವರು, ಇವರು ಅಯೋಗ್ಯರು ಎಂದು ವಿಂಗಡಿಸುವ ಚಾಳಿಯು ಹತ್ತೊಂಬತ್ತನೆಯ ಶತಮಾನದ ಧರ್ಮಸಂಸ್ಥೆಗಳಲ್ಲಿ ಸಾಮಾನ್ಯವಾಗಿದ್ದಿತು. ಈ ಸಂಘದವರೂ ಅದರಿಂದ ಪೂರ್ಣವಾಗಿ ಮುಕ್ತರಾಗಿರಲಿಲ್ಲ. ಒಂದೇ ಬಾಗಿಲು, ಒಂದೇ ರೊಟ್ಟಿ. ಆದರೂ ಒಳಗೆ ಬಂದವನು ಕುಳಿತುಕೊಳ್ಳುವ ರೀತಿಯಿಂದ ಅದು ಸೇವೆಯಾಗಬಹುದು, ದರ್ಪವಾಗಬಹುದು. ಇಂದು ಆ ಸಂಘವು ಹೊಸ ಸದಸ್ಯರಿಗೆ ಶಿಕ್ಷಣವನ್ನು ಕೊಡುತ್ತದೆ. ಯಾವ ಮತದವನೇ ಆಗಲಿ, ಮತವಿಲ್ಲದವನೇ ಆಗಲಿ, ಕಷ್ಟದಲ್ಲಿರುವವನಿಗೆ ಭೇದವಿಲ್ಲದೆ ನೆರವಾಗತಕ್ಕುದೆಂಬುದು ಅದರ ನಿಯಮವು.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗಹನವಾದುದು. ಮನೆಮನೆಗೆ ಹೋಗಿ ಸೌದೆಯನ್ನೂ ರೊಟ್ಟಿಯನ್ನೂ ಕೊಟ್ಟರೆ ಬಡತನದ ಕಾರಣವು ತೊಲಗುವುದೇ? ಓಜನಾಮನು ತಾನೇ ಇದನ್ನು ಮನಗಂಡಿದ್ದನು. ದಯೆಯು ಗಾಯಕ್ಕೆ ಮದ್ದು ಹಾಕಬಲ್ಲುದೇ ಹೊರತು ಪೆಟ್ಟು ಬೀಳದಂತೆ ತಡೆಯಬೇಕಾದುದು ನ್ಯಾಯದ ಕೆಲಸವೆಂಬುದು ಅವನ ಅಭಿಪ್ರಾಯವಾಗಿದ್ದಿತು. ಐರ್ಲೆಂಡಿನಲ್ಲಿ ಕಾಲಕ್ರಮದಿಂದ ಕಾಯಿದೆಗಳು ಬಂದವು. 1908ರ ಶಾಸನದಿಂದ ಎಪ್ಪತ್ತು ವರ್ಷ ಮೀರಿದ ಬಡವೃದ್ಧರಿಗೆ ವೇತನವು ದೊರೆಯತೊಡಗಿತು. 1944ರಲ್ಲಿ ದೊಡ್ಡ ಸಂಸಾರಗಳ ಮಕ್ಕಳಿಗಾಗಿ ಭತ್ಯವು ಏರ್ಪಟ್ಟಿತು. ಇವು ಹಕ್ಕಿನಿಂದ ಬರುವ ಹಣ. ಯಾರ ಮುಂದೆಯೂ ಕೈಯೊಡ್ಡಬೇಕಾದುದಿಲ್ಲ. ಇಂತಹ ಏರ್ಪಾಡುಗಳಿಂದ ದಾನಸಂಘಗಳ ಅವಶ್ಯಕತೆಯು ತಪ್ಪಬಹುದೆಂದು ಯಾರಿಗಾದರೂ ತೋರೀತು.

ಆದರೆ ಹಾಗಾಗಲಿಲ್ಲ. ಇಂದು ಐರ್ಲೆಂಡು ಸಂಪನ್ನವಾದ ರಾಷ್ಟ್ರಗಳಲ್ಲಿ ಒಂದು. ಆದರೂ 2022ನೆಯ ಇಸವಿಯಲ್ಲಿ ಈ ಸಂಘಕ್ಕೆ ಸಹಾಯವನ್ನು ಕೋರಿ ಬಂದ ಕರೆಗಳು ಎರಡು ಲಕ್ಷವನ್ನು ಮೀರಿದ್ದವು. ವಿದ್ಯುತ್ತಿನ ಬೆಲೆ, ಮನೆಬಾಡಿಗೆ, ಮಕ್ಕಳ ಶಾಲೆಯ ವೆಚ್ಚ, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಖರ್ಚು, ಇವುಗಳ ಭಾರವನ್ನು ತಾಳಲಾರದ ಸಂಸಾರಗಳು ಅಲ್ಲಿಯೂ ಉಂಟು. ಕೂಲಿ ಕೆಲಸವಿದ್ದೂ ತಿಂಗಳ ಕೊನೆಯನ್ನು ಮುಟ್ಟಲಾರದವರೂ ಉಂಟು. ಹತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದೇಶದ ಮೂಲೆಮೂಲೆಗಳಲ್ಲಿ ಇಂದಿಗೂ ಮನೆಭೇಟಿಗಳನ್ನು ಮಾಡುತ್ತಿದ್ದಾರೆ. ಜನರು ಕೊಟ್ಟ ಹಳೆಯ ಬಟ್ಟೆಬರೆ ಸಾಮಾನುಗಳನ್ನು ಅಗ್ಗವಾಗಿ ಮಾರುವ ಇನ್ನೂರಕ್ಕೂ ಹೆಚ್ಚಿನ ಅಂಗಡಿಗಳು, ಮನೆಯಿಲ್ಲದವರಿಗೆ ವಸತಿಗೃಹಗಳು, ಸೆರೆಮನೆಯ ಭೇಟಿ, ವಿದ್ಯಾರ್ಥಿಗಳಿಗೆ ಧನಸಹಾಯ, ಇವೆಲ್ಲ ಸಂಘದ ಕಾರ್ಯಗಳಾಗಿವೆ. ಬಾಲ್‌ಬ್ರಿಗನ್ ಎಂಬ ಕಡಲತೀರದ ಊರಿನಲ್ಲಿ ಬಡಮಕ್ಕಳಿಗೆ ಬೇಸಿಗೆಯ ರಜೆಯನ್ನು ಕಳೆಯಲು 1935ರಲ್ಲಿಯೇ ಒಂದು ಮನೆಯನ್ನು ಏರ್ಪಡಿಸಿದರು. ಐರ್ಲೆಂಡಿನ ಹಲವು ಕೂಟಗಳು ಭಾರತದಲ್ಲಿರುವ ಇದೇ ಸಂಘದ ಕೂಟಗಳೊಡನೆ ಜೋಡಿಯಾಗಿ ಪತ್ರವ್ಯವಹಾರವನ್ನೂ ನೆರವನ್ನೂ ನಡೆಯಿಸುತ್ತ ಬಂದಿವೆ.

ಇವೆಲ್ಲದರ ಜೊತೆಗೆ ಇನ್ನೊಂದು ಕೆಲಸವು ವಿಶೇಷವಾಗಿ ಗಮನಿಸತಕ್ಕುದು. ಪ್ರತಿವರ್ಷವೂ ಸರಕಾರದ ಆಯವ್ಯಯ ಪತ್ರವು ಸಿದ್ಧವಾಗುವುದಕ್ಕೆ ಮುಂಚೆ ಈ ಸಂಘವು ಬಡವರ ಪರವಾಗಿ ಒಂದು ಮನವಿಯನ್ನು ಸಲ್ಲಿಸುತ್ತದೆ. ಎಷ್ಟು ಹಣವಿದ್ದರೆ ಒಂದು ಸಂಸಾರವು ಮರ್ಯಾದೆಯಿಂದ ಬಾಳಬಹುದು, ಎಲ್ಲಿ ಕೊರತೆಯಿದೆ, ಯಾವ ಕಾಯಿದೆಯನ್ನು ತಿದ್ದಬೇಕು ಎಂಬುದನ್ನು ಅಂಕೆಸಂಖ್ಯೆಗಳಿಂದ ಅದರಲ್ಲಿ ತೋರಿಸುವರು. ಈ ಅಂಕೆಗಳ ಹಿಂದೆ ಮನೆಮನೆಯಲ್ಲಿ ಕುಳಿತು ಕೇಳಿದ ಅನುಭವವಿರುವುದರಿಂದ ಮಂತ್ರಿಗಳು ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗಾಯಕ್ಕೆ ಮದ್ದು ಹಾಕುತ್ತಿರುವಾಗಲೇ ಪೆಟ್ಟು ಎಲ್ಲಿಂದ ಬಿದ್ದಿತೆಂದು ಕೇಳುವ ಈ ಅಭ್ಯಾಸವು ಓಜನಾಮನ ಆಶಯಕ್ಕೆ ಅನುಗುಣವಾದುದೇ ಆಗಿದೆ.

ಸಭಿಕ ಮಹಾಶಯರೇ, ಶಾತಿಯೊಂ ಊರಿನ ದಾರಿಯಲ್ಲಿ ವಿನ್ಸೆಂಟರು ಕಂಡ ಜನಸಂದಣಿಯು ಲೋಕದ ಎಲ್ಲ ಊರುಗಳಲ್ಲಿಯೂ ಒಂದಲ್ಲ ಒಂದು ದಿನ ಕೂಡುವುದುಂಟು. ಪ್ರವಾಹ ಬಂದಾಗ, ಬೆಂಕಿ ಬಿದ್ದಾಗ, ಹಬ್ಬ ಉತ್ಸವಗಳಾದಾಗ ಜನರ ಕೈ ತಾನಾಗಿಯೇ ಸಡಿಲವಾಗುವುದು. ಅದು ಒಳ್ಳೆಯದೇ ಸರಿ. ಆದರೆ ಮರುದಿನ ಆ ಮನೆಗೆ ಹೋಗುವವರು ಯಾರು? ವಾರದ ಮೇಲೆ, ವರ್ಷದ ಮೇಲೆ, ಸುದ್ದಿಯು ಹಳೆಯದಾದ ಮೇಲೆ ಬಾಗಿಲು ತಟ್ಟುವವರು ಯಾರು? ಮನೆಯವರು ತಲೆಯೆತ್ತಿ ಮಾತನಾಡುವಂತೆ ಅವರೊಡನೆ ಕುಳಿತುಕೊಳ್ಳುವವರು ಯಾರು? ಐರ್ಲೆಂಡಿನ ಈ ಸಂಘದ ಗೃಹಸ್ಥರು, ತಮ್ಮ ಕುಂದುಕೊರತೆಗಳೊಡನೆ, ಈ ಪ್ರಶ್ನೆಗಳಿಗೆ ವಾರವಾರವೂ ಮೆಟ್ಟಿಲು ಹತ್ತಿ ಉತ್ತರ ಕೊಡುತ್ತ ಬಂದಿದ್ದಾರೆ. ದೀನರ ಸೇವೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಸಜ್ಜನರು ಯಾವ ದೇಶದವರೇ ಆಗಲಿ, ಯಾವ ಮಾರ್ಗದವರೇ ಆಗಲಿ, ಅವರ ನಡೆಯಿಂದ ಕಲಿಯತಕ್ಕುದು ಉಂಟೆಂದು ಹೇಳಿ ಈ ಉಪನ್ಯಾಸವನ್ನು ಮುಗಿಸಲಾಗಿದೆ.

ಸರ್ವರಿಗೂ ಮಂಗಲವಾಗಲಿ.